ಸ್ಪಷ್ಟನೆ: ಪೋಸ್ಟ್‌ಡಾಕ್ ಅರಣ್ಯ ಇಲಾಖೆಯ ನೌಕರಿಯಲ್ಲ

‘ಪಿಎಚ್‌ಡಿ ಆದವರಿಗೆ ದರೋಜಿ ಕರಡಿಧಾಮದಲ್ಲಿ ಪೋಸ್ಟ್‌ಡಾಕ್ ನೇರ ನೇಮಕಾತಿ, ಎರಡು ವರ್ಷಕ್ಕೆ ಕಾಯಂ, ಮೊದಲು ಶುಲ್ಕ ಕಟ್ಟಿ’ ಎಂಬ ಸಂದೇಶ ಬಳ್ಳಾರಿ, ಕೊಪ್ಪಳದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ದುಡ್ಡು ಕಟ್ಟಬೇಡಿ.

ಪೋಸ್ಟ್‌ಡಾಕ್ ಎಂದರೆ ಪಿಎಚ್‌ಡಿ ಮುಗಿದ ಮೇಲೆ ನಿಗದಿತ ಅವಧಿಗೆ ಮಾಡುವ ಸಂಶೋಧನೆ; ಪದವಿಯೂ ಅಲ್ಲ, ಕಾಯಂ ಹುದ್ದೆಯೂ ಅಲ್ಲ. ಅವಧಿ ಮುಗಿದರೆ ಮುಗಿಯಿತು. ಸಂಶೋಧನೆಗೆ ಹಣ ಕೊಡುವ ಕೇಂದ್ರದ ಸಂಸ್ಥೆ ಎಎನ್‌ಆರ್‌ಎಫ್‌ನ (ಅನುಸಂಧಾನ್ ನ್ಯಾಷನಲ್ ರಿಸರ್ಚ್ ಫೌಂಡೇಷನ್) ರಾಷ್ಟ್ರೀಯ ಪೋಸ್ಟ್‌ಡಾಕ್ಟರಲ್ ಫೆಲೋಶಿಪ್ 2 ವರ್ಷದ್ದು, ಅರ್ಜಿ ಆನ್‌ಲೈನ್. ಮಾರ್ಗದರ್ಶಕರನ್ನು ನೀವೇ ಹುಡುಕಿ ಒಪ್ಪಿಸಬೇಕು. ಬಹಳ ಜನ ಎಡವುವುದು ಇಲ್ಲೇ: ಅರ್ಜಿ ಕರೆದ ಪ್ರಕಟಣೆ ಬಂದ ಮೇಲೆ ಮಾರ್ಗದರ್ಶಕರಿಗೆ ಪತ್ರ ಬರೆದರೆ, ಸಂಸ್ಥೆಯ ಸಹಿ-ಮೊಹರು ಬೀಳುವಷ್ಟರಲ್ಲಿ ಕೊನೆಯ ದಿನ ದಾಟಿರುತ್ತದೆ.

ಕರಡಿಧಾಮದೊಳಗಿನ ಸಂಶೋಧನೆಗೆ ವಲಯ ಅರಣ್ಯಾಧಿಕಾರಿಯ ಬಾಯಿಮಾತು ಸಾಲದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 28ನೇ ಕಲಮಿನಡಿ ಮುಖ್ಯ ವನ್ಯಜೀವಿ ಪರಿಪಾಲಕರ ಪರವಾನಗಿ ಬೇಕು.

‘ಕುರುಚಲು ಕಾಡಿಗೆ ಯಾರು ಹಣ ಕೊಡ್ತಾರೆ, ಮಲೆನಾಡಿಗೆ ಹೋಗಿ’ ಎಂಬುದೂ ಅದೇ ಸಂದೇಶದಲ್ಲಿದೆ. ಒಣ ಕಾಡಿನಲ್ಲೂ ಸಂಶೋಧನೆ ನಡೆಯುತ್ತದೆ: ತಮಿಳುನಾಡಿನ ಮುದುಮಲೈನ 50 ಹೆಕ್ಟೇರ್ ಅಧ್ಯಯನ ಪ್ರದೇಶ ಒಣ ಎಲೆಯುದುರುವ ಕಾಡಿನಲ್ಲೇ ಇದೆ. ಅಲ್ಲಿ 1 ಸೆಂ.ಮೀ. ದಪ್ಪದ ಕಾಂಡವನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಸಂಡೂರಿನ ಗುಡ್ಡಕ್ಕೆ ಪ್ರಸ್ತಾವ ಬರೆಯುವವರು ಇದನ್ನು ಗಮನಿಸಬೇಕು. 30 ಸೆಂ.ಮೀ.ಗಿಂತ ಕಡಿಮೆ ಸುತ್ತಳತೆಯ ಕಾಂಡ ಬೇಡವೆಂದು ಮಿತಿ ಹಾಕಿಕೊಂಡರೆ ಬುಡದಿಂದಲೇ ಕವಲೊಡೆಯುವ ಕಾರೆಯಂಥ ಪೊದೆಗಳು ಪಟ್ಟಿಗೇ ಬರುವುದಿಲ್ಲ. ಪ್ರತಿ ಕವಲನ್ನೂ 1.3 ಮೀಟರ್ ಎತ್ತರದಲ್ಲಿ ಬೇರೆಬೇರೆಯಾಗಿ ಅಳೆಯಿರಿ. ಗಿಡ ಗುರುತಿಸುವ ಕೆಲಸವನ್ನು ಎಲೆಯಿಲ್ಲದ ಬೇಸಿಗೆಗೆ ಇಟ್ಟುಕೊಳ್ಳದೆ ಮಳೆ ಬಿದ್ದ ಮೇಲೆ ಮಾಡಿ.