ಆರು ವಾರದಿಂದ ಮೀನಿಲ್ಲದ ಸಮುದ್ರ

ನಮ್ಮ ಮನೆ ಹಾಲ್‌ನಲ್ಲಿ 120 ಲೀಟರಿನ ಉಪ್ಪುನೀರಿನ ತೊಟ್ಟಿ ಇಟ್ಟು ಆರು ವಾರ ಆಯಿತು. ಕಲ್ಲಿದೆ, ಮರಳಿದೆ, ಅಲೆ ಎಬ್ಬಿಸುವ ಪಂಪ್ ಇದೆ. ಮೀನಿಲ್ಲ. ತೀರ್ಥಹಳ್ಳಿ ಕಡೆಯ ತೋಟದಿಂದ ಶಿವಮೊಗ್ಗಕ್ಕೆ ಬಂದಾಗಲೆಲ್ಲ ಅಪ್ಪಯ್ಯ ಕುರ್ಚಿ ಎಳೆದುಕೊಂಡು ಅದರ ಮುಂದೆ ಕೂತು "ಮೀನೆಲ್ಲೋ?" ಅಂತಾರೆ. ಕಳೆದ ಸಲ ಮಾತ್ರ ಬೇರೆ ಮಾತು ಬಂತು: "ಇದೇನೋ, ಹಾವಸೆ ಕಟ್ಟಿದೆ! ಒಂದು ಚಿಟಿಕೆ ಮೈಲುತುತ್ತ ಹಾಕು, ಎರಡು ದಿನದಲ್ಲಿ ಹೋಗುತ್ತೆ."

ಆ ಮೈಲುತುತ್ತಕ್ಕೆ, ಅಂದರೆ ತಾಮ್ರದ ಸಲ್ಫೇಟಿಗೆ, ಆಮೇಲೆ ಬರುತ್ತೇನೆ. ಮೊದಲು ನನ್ನ ಸಿಟ್ಟಿನ ವಿಷಯ.

ತೊಟ್ಟಿ ಕೊಂಡ ಅಂಗಡಿಯವರು ಹೇಳಿದ್ದು, "ಉಪ್ಪು ಕಲಸಿ 24 ಗಂಟೆ ಬಿಡಿ ಸಾರ್, ಆಮೇಲೆ ಮೀನು ಬಿಡಿ." ಗೆಳೆಯನೊಬ್ಬ ಈ ಮಾತು ನಂಬಿ ಜೋಡಿ ಕ್ಲೌನ್ ಮೀನು ಬಿಟ್ಟ, ನಾಲ್ಕನೇ ದಿನ ಎರಡೂ ಹೋದವು. ಅವನು ಮತ್ತೆ ಹೋಗಿ ಮತ್ತೆ ಕೊಂಡ. ಅಂಗಡಿಗೆ ಇನ್ನೇನು ಬೇಕು?

ಮೀನಿನ ಕಿವಿರಿನಿಂದ, ಹೇಲಿನಿಂದ, ಮಿಕ್ಕ ಆಹಾರದಿಂದ ನೀರಿಗೆ ಅಮೋನಿಯಾ ಸೇರುತ್ತಲೇ ಇರುತ್ತದೆ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಅದನ್ನು ನೈಟ್ರೇಟ್ ಮಾಡುತ್ತದೆ. ಹೊಸ ತೊಟ್ಟಿಯಲ್ಲಿ ಇವೆರಡೂ ಇರುವುದಿಲ್ಲ ಎನ್ನುವಷ್ಟು ಕಡಿಮೆ. ಕಲ್ಲು ಮರಳಿನ ಮೇಲೆ ಸಾಕಷ್ಟು ಬೆಳೆಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಸಮುದ್ರದ ನೀರಿನ ಪಿಎಚ್ 8.1, 8.2ರ ಹತ್ತಿರ. ಪಿಎಚ್ ಏರಿದಷ್ಟೂ ಅಮೋನಿಯಾದ ವಿಷ ಜೋರು. ಹಸಿ ಸಗಣಿಯನ್ನು ಎಳೆ ಗಿಡದ ಬುಡಕ್ಕೆ ಸುರಿದರೆ ಏನಾಗುತ್ತದೆ ಅಂತ ನಮ್ಮೂರಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಗೊಬ್ಬರ ಕಳಿಯಲಿ ಅಂತ ತಿಂಗಳುಗಟ್ಟಲೆ ಕಾಯುವ ನಾವು ಗಾಜಿನ ಪೆಟ್ಟಿಗೆಯ ಮುಂದೆ ಯಾಕೆ ಅವಸರ ಮಾಡುತ್ತೇವೋ.

ಬ್ಯಾಕ್ಟೀರಿಯಾಕ್ಕೆ ಆಹಾರ ಅಂತ ಕೆಲವರು ಸೀಗಡಿಯೊಂದನ್ನು ಕೊಳೆಯಲು ಬಿಡುತ್ತಾರೆ. ನಮ್ಮ ಮನೆಯಲ್ಲಿ ಆ ವಾಸನೆ ನಡೆಯುವುದಿಲ್ಲ. ನಾನು ಹಾಕಿದ್ದು ನವಸಾಗರ. ಹೌದು, ಕಲಾಯಿ ಹಾಕುವವರು ಬಳಸುತ್ತಿದ್ದರಲ್ಲ, ಅದೇ, ಅಮೋನಿಯಂ ಕ್ಲೋರೈಡ್. ನನ್ನದು ಮಾತ್ರ ಲ್ಯಾಬ್‌ಗೆ ಕೊಡುವ ಶುದ್ಧ ಪುಡಿ. 120 ಲೀಟರಿನಲ್ಲಿ 2 ಪಿಪಿಎಂ, ಅಂದರೆ ಲೀಟರಿಗೆ 2 ಮಿಲಿಗ್ರಾಂ, ಅಮೋನಿಯಾ ಬರಲು ಮುಕ್ಕಾಲು ಗ್ರಾಂ ಸಾಕು. ಹೊಸ ಸಮುದ್ರ ಕಟ್ಟಲು ನವಸಾಗರ! ಈ ಹೆಸರಿನ ಖುಷಿಯನ್ನು ಮನೆಯಲ್ಲಿ ಯಾರೂ ಹಂಚಿಕೊಳ್ಳಲಿಲ್ಲ.

ಎರಡು ವಾರದ ಹೊತ್ತಿಗೆ ಅಮೋನಿಯಾ ಇಳಿಯತೊಡಗಿ ನೈಟ್ರೈಟ್ ಏರಿತು. ಐದನೇ ವಾರ ಮತ್ತೆ ಮುಕ್ಕಾಲು ಗ್ರಾಂ ಹಾಕಿ ಮರುದಿನ ನೋಡಿದರೆ ಎರಡೂ ಸೊನ್ನೆ. ಈ ನಡುವೆ ಮಳೆ ಗಾಳಿಗೆ ಕರೆಂಟ್ ಎಷ್ಟು ಸಲ ಹೋಯಿತೋ ಲೆಕ್ಕ ಇಟ್ಟಿಲ್ಲ. ಈ ಬ್ಯಾಕ್ಟೀರಿಯಾಕ್ಕೂ ಆಮ್ಲಜನಕ ಬೇಕು, ಹಾಗಾಗಿ ಮಲೆನಾಡಿನಲ್ಲಿರುವವರು ಚಂದದ ದೀಪಕ್ಕಿಂತ ಮೊದಲು ಬ್ಯಾಟರಿಯ ಏರ್ ಪಂಪ್ ಕೊಳ್ಳಿ.

ದೀಪ ಅಂದೆನಲ್ಲ, ಅಲ್ಲೇ ನಾನು ಎಡವಿದ್ದು. ಬ್ಯಾಕ್ಟೀರಿಯಾಕ್ಕೆ ಬೆಳಕು ಬೇಡ. ಆದರೂ ಬಂದ ನೆಂಟರಿಗೆಲ್ಲ ತೋರಿಸುವ ಚಪಲಕ್ಕೆ ದಿನಕ್ಕೆ ಹತ್ತು ಗಂಟೆ ನೀಲಿ ದೀಪ ಉರಿಸಿದೆ. ಮೂರನೇ ವಾರ ಮರಳಿನ ಮೇಲೆ ಕಂದು ಪುಡಿ ಬಿತ್ತು, ಯಾರೋ ಕಾಫಿಪುಡಿ ಚೆಲ್ಲಿದ ಹಾಗೆ. ಅದು ಡಯಾಟಂ. ಸಿಲಿಕಾದಿಂದ, ಅಂದರೆ ಗಾಜಿನಂಥದ್ದೇ ವಸ್ತುವಿನಿಂದ, ಚಿಪ್ಪು ಕಟ್ಟಿಕೊಳ್ಳುವ ಸೂಕ್ಷ್ಮ ಪಾಚಿ.

ಸಿಲಿಕಾ ಎಲ್ಲಿಂದ ಬಂತು? "ನಮ್ಮ ಮಲೆನಾಡಿನ ನೀರಿಗೆ ಟಿಡಿಎಸ್ಸೇ ಇಲ್ಲ ಮಾರಾಯ" ಅಂತ ಬೀಗುತ್ತೇವಲ್ಲ, ಟಿಡಿಎಸ್ ಅಂದರೆ ನೀರಲ್ಲಿ ಕರಗಿದ ಒಟ್ಟು ಘನವಸ್ತು, ಆದರೆ ಅದರ ಮೀಟರ್ ಅಳೆಯುವುದು ವಿದ್ಯುತ್ ಹರಿಯುವಿಕೆಯನ್ನು. ನೀರಲ್ಲಿ ಕರಗಿದ ಸಿಲಿಕಾಗೆ ಹೆಚ್ಚೂಕಡಿಮೆ ವಿದ್ಯುದಂಶವೇ ಇರುವುದಿಲ್ಲ, ಹಾಗಾಗಿ ಮೀಟರಿಗೆ ಅದು ಕಾಣುವುದೇ ಇಲ್ಲ. ಅಡುಗೆಮನೆಯ ಆರ್‌ಒ ಕೂಡ ನಂಬುವ ಹಾಗಿಲ್ಲ. ರುಚಿಗೆ ಅಂತ ಖನಿಜ ಸೇರಿಸುವ, ಹಸಿ ನೀರು ಬೆರೆಸುವ ಯಂತ್ರಗಳೇ ಜಾಸ್ತಿ. ಆರ್‌ಒ ಆದಮೇಲೆ ಡಿಐ ರಾಳದ, ಅಂದರೆ ನೀರಲ್ಲಿ ಉಳಿದ ಲವಣಾಂಶ ಹಿಡಿದಿಟ್ಟುಕೊಳ್ಳುವ ಸಣ್ಣ ಮಣಿಗಳ, ಮೂಲಕವೂ ನೀರು ಹಾಯಬೇಕು. ರಾಳ ಸವೆದಾಗ ಎಲ್ಲಕ್ಕಿಂತ ಮೊದಲು ತಪ್ಪಿಸಿಕೊಂಡು ಬರುವುದೂ ಈ ಸಿಲಿಕಾನೇ. ಹೊಸ ಕಲ್ಲು ಮರಳಿನಿಂದಲೂ ಒಂದಿಷ್ಟು ಬರುತ್ತದೆ. ಇದ್ದದ್ದನ್ನು ತಿಂದು ಮುಗಿಸಿದ ಮೇಲೆ ಡಯಾಟಂ ಸಾಮಾನ್ಯವಾಗಿ ತಾನೇ ಹೋಗುತ್ತದೆ. ನನ್ನ ತೊಟ್ಟಿಯಲ್ಲೂ ಹೋಯಿತು, ದೀಪ ಆರಿಸಿ ಕಾದದ್ದಷ್ಟೇ. ಈಗ ಹಿಂದಿನ ಗಾಜಿನಲ್ಲಿ ಹಸಿರು ಕೂದಲಿನಂಥ ಪಾಚಿ ಎದ್ದಿದೆ. ಅದರ ಹೊಟ್ಟೆಗೆ ಬೇಕಾದ್ದು ನೈಟ್ರೇಟ್, ಫಾಸ್ಫೇಟ್. ಕಾಲುಭಾಗ ನೀರು ಬದಲಿಸಿದ್ದೇನೆ, ಹಳೇ ಟೂತ್‌ಬ್ರಶ್‌ನಲ್ಲಿ ಉಜ್ಜಿ ತೆಗೆಯುತ್ತಿದ್ದೇನೆ.

ಇನ್ನು ಅಪ್ಪಯ್ಯನ ಮೈಲುತುತ್ತ. ಮುಂಗಾರು ಹಿಡಿಯುವ ಮುಂಚೆ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಿ ಹೊಡೆಸಿ ತಾಮ್ರದ ಶಕ್ತಿ ಅವರಿಗೆ ಗೊತ್ತು. 100 ಲೀಟರಿಗೆ ಒಂದು ಕಿಲೋ ತುತ್ತ, ಒಂದು ಕಿಲೋ ಸುಣ್ಣ. ಪಾಚಿಯನ್ನೂ ತಾಮ್ರ ಕೊಲ್ಲುತ್ತದೆ, ಅವರ ಮಾತು ಸುಳ್ಳಲ್ಲ. ಆದರೆ ಸಮುದ್ರದ ಬಸವನಹುಳು, ಸೀಗಡಿ, ಹವಳಕ್ಕೆ ಅತ್ಯಲ್ಪ ತಾಮ್ರವೂ ಸಾವು. ಸುಣ್ಣದ ಅಂಶದ ಕಲ್ಲು ಮರಳು ಅದನ್ನು ಹೀರಿಕೊಂಡು ಆಮೇಲೆ ನಿಧಾನಕ್ಕೆ ಬಿಡುತ್ತಲೂ ಇರುತ್ತದೆ. ಅಂಗಡಿಯಲ್ಲಿ ಸಿಗುವ ಪಾಚಿನಾಶಕದ ಬಾಟಲಿಗಳಲ್ಲೂ ಹಲವದರಲ್ಲಿ ಇರುವುದು ಇದೇ ತಾಮ್ರ, ಬೆಲೆ ಮಾತ್ರ ತುತ್ತದ್ದಲ್ಲ.

ಇದನ್ನೆಲ್ಲ ಹೇಳಿದೆ. ಅಪ್ಪಯ್ಯ ಸ್ವಲ್ಪ ಹೊತ್ತು ಗಾಜನ್ನೇ ನೋಡುತ್ತಿದ್ದು ಕೇಳಿದರು: "ಹಂಗಾದ್ರೆ ನೀನು ಉಪ್ಪು ಕಲಸಿದ್ದು ಯಾವ ಬಕೆಟಲ್ಲಿ? ಹೋದ ವರ್ಷ ತೋಟದಿಂದ ತಂದಿದ್ಯಲ್ಲ ನೀಲಿದು, ಅದರಲ್ಲಲ್ಲ ತಾನೆ?"

ಅದರಲ್ಲೇ.

ಎರಡು ಹೊಸ ಬಕೆಟ್ ತಂದಾಗಿದೆ. ತಾಮ್ರದ ಟೆಸ್ಟ್ ಕಿಟ್ ಆರ್ಡರ್ ಮಾಡಿದ್ದೇನೆ. ಈ ಭಾನುವಾರ ಬರಬೇಕಿದ್ದ ಬಸವನಹುಳುಗಳನ್ನು ಸದ್ಯಕ್ಕೆ ಕಳಿಸಬೇಡಿ ಅಂದಿದ್ದೇನೆ.