ಪಾಲಿಗೆ ಲೆಕ್ಕ ಇತ್ತು, ಪ್ರಾಣಿಗೆ ಇರಲಿಲ್ಲ

ಹೋದ ವಾರ ಒಂದು ಫೋಟೋ ಹಾಕಿದ್ದೆ. ವಿಸ್ಕಾನ್ಸಿನ್‌ನ ಹಿಮ, ಮೈಮೇಲೆ ಕಣ್ಣು ಕುಕ್ಕುವ ಕಿತ್ತಳೆ ಜಾಕೆಟ್ಟು, ಪಕ್ಕದಲ್ಲಿ ನಾನು ಹೊಡೆದ ಜಿಂಕೆ. ಅವತ್ತಿಂದ ನನ್ನ ಸ್ನೇಹಿತರು ಎರಡು ಹೋಳಾಗಿದ್ದಾರೆ. ಒಂದು ಗುಂಪಿನವರದ್ದು, 'ಇಷ್ಟು ಓದಿ ಅಮೆರಿಕಕ್ಕೆ ಹೋಗಿ ಮಾಡೋ ಕೆಲಸ ಇದಾ?' ಇನ್ನೊಂದು ಗುಂಪು, ಬಹುಪಾಲು ನಮ್ಮ ಮೂಡಿಗೆರೆ ಕಡೆಯವರೇ, 'ಎಷ್ಟು ಕೆಜಿ ಬಂತು ಮಾರಾಯ? ನಮ್ಮಲ್ಲೂ ಹಿಂಗೆ ಲೈಸೆನ್ಸ್ ಕೊಟ್ಟಿದ್ರೆ!' ಇಬ್ಬರಿಗೂ ಒಂದೊಂದು ಸಾಲಲ್ಲಿ ಉತ್ತರ ಕೊಡೋಕಾಗದೆ ಇದನ್ನ ಬರೀತಿದೀನಿ. ಉದ್ದ ಇದೆ, ಕಾಫಿ ಇಟ್ಕೊಂಡು ಕೂತ್ಕೊಳ್ಳಿ.

ಮೊದಲೇ ಹೇಳಿಬಿಡ್ತೀನಿ. 'ಕೋಳಿ ತಿನ್ನೋರು ಮಾತಾಡಬೇಡಿ' ಅನ್ನೋ ಹಳೇ ವಾದ ನಾನು ಮಾಡಲ್ಲ. ಕೊಂದಿದ್ದು ನಾನು, ನೋಡಿ ಬೇಜಾರಾಗೋದು ನಿಮ್ಮ ಹಕ್ಕು.

ನಮ್ಮ ಮನೆಯಲ್ಲಿ ಒಂದು ಜೋಡುನಳಿಕೆ ಕೋವಿ ಇತ್ತು. ಬೆಳೆ ಕಾಯೋಕೆ ಅಂತ ಲೈಸೆನ್ಸು. ಅಜ್ಜನ ಬಾಯಲ್ಲಿ ಶಿಕಾರಿ ಕಥೆ ಕೇಳಿಯೇ ನಾನು ಬೆಳೆದಿದ್ದು. ಹಳು ನುಗ್ಗೋರು, ಅಂದ್ರೆ ಪೊದೆಯಿಂದ ಪ್ರಾಣಿ ಎಬ್ಬಿಸೋರು, ಕೂಗ್ತಾ ಬರೋದು, ಬಿಲ್ಲಿಗೆ ನಿಂತವರು, ಅಂದ್ರೆ ಪ್ರಾಣಿ ಬರೋ ದಾರಿಯಲ್ಲಿ ಕೋವಿ ಹಿಡಿದವರು, ಉಸಿರು ಬಿಗಿಹಿಡಿದು ಕಾಯೋದು, ಈಡಿನ ಸದ್ದು ಕೇಳಿದ್ರೆ ಸಾಕು, ಇದು ಯಾರ ಮನೆ ಕೋವಿ ಅಂತ ಅಜ್ಜಿ ಅಡುಗೆಮನೆಯಿಂದಲೇ ಹೇಳೋದು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಶಿಕಾರಿ ನಿಂತುಹೋಯ್ತು ಅಂತ ಬರೆದರೆ ಸುಳ್ಳಾಗುತ್ತೆ. ಸದ್ದು ಕಮ್ಮಿಯಾಯ್ತು, ರಾತ್ರಿಗೆ ಹೋಯ್ತು, ಅಷ್ಟೇ.

ನನಗೆ ಎಂಟೋ ಒಂಬತ್ತೋ ವರ್ಷ. ಕಾನೂನು ಬಂದು ಹೆಚ್ಚುಕಮ್ಮಿ ಇಪ್ಪತ್ತು ವರ್ಷ ಆಗಿತ್ತು ಅನ್ನೋದು ಲೆಕ್ಕ ಹಾಕಿದಾಗಲೇ ನನಗೂ ಗೊತ್ತಾಗಿದ್ದು. ಕಣದಲ್ಲಿ ಬಾಳೆಎಲೆ ಹಾಸಿ ಪಾಲು ಹಾಕೋದನ್ನ ನೋಡ್ತಾ ನಿಂತಿದ್ದೆ. ಈಡು ಹೊಡೆದವನಿಗೊಂದು ಪಾಲು ಹೆಚ್ಚು. ಕೋವಿ ಕೊಟ್ಟ ಮನೆಗೊಂದು. ನಾಯಿಗೊಂದು. ಹಳು ನುಗ್ಗಿದವರಿಗೆಲ್ಲ ಸಮಪಾಲು. ಬರದೇ ಇದ್ದ ಮನೆಯಲ್ಲಿ ಬಾಣಂತಿ ಇದ್ದರೆ ಅಲ್ಲಿಗೂ ಒಂದು ಹಿಡಿ. ತಕ್ಕಡಿ ಇಲ್ಲದೆ ಕೈಯಳತೆಯಲ್ಲೇ ಹಾಕ್ತಿದ್ರು, ಒಂದು ತುಂಡು ಆಚೀಚೆ ಆದ್ರೆ ವರ್ಷಗಟ್ಟಲೆ ಮಾತು ಬಿಡ್ತಿದ್ರು. ಅಷ್ಟು ಬಿಗಿ ಲೆಕ್ಕ.

ಅದೇ ದಿನ ಬೆಳಿಗ್ಗೆ ಇನ್ನೊಂದು ಕಡವೆಗೂ ಈಡು ತಾಗಿತ್ತು. ಹಳ್ಳ ದಾಟಿ ಹೋಯ್ತು. ಹಳ್ಳದ ಆಚೆ ರಿಸರ್ವ್ ಫಾರೆಸ್ಟು, ಗಾರ್ಡ್ ಭಯ. 'ಹೋಯ್ತು ಬಿಡು' ಅಂದ್ರು. ಅದನ್ನ ಯಾವ ಪಾಲಿಗೂ ಸೇರಿಸಲಿಲ್ಲ. ಆ ಗುಡ್ಡದಲ್ಲಿ ಕಡವೆ ಎಷ್ಟಿದ್ವು, ಆ ವರ್ಷ ಎಷ್ಟು ಬಿದ್ವು, ಎಷ್ಟು ಗಾಯ ಹೊತ್ಕೊಂಡು ಹೋಗಿ ಎಲ್ಲೋ ಸತ್ವು, ಕೇಳಿದ್ರೆ ಊರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಕೇಳಿದವರೂ ಇರಲಿಲ್ಲ ಅನ್ನಿ.

ಇಷ್ಟು ಇಟ್ಕೊಂಡು ಈಗ ಇಲ್ಲಿಗೆ ಬನ್ನಿ.

ನಾನಿರೋದು ವಿಸ್ಕಾನ್ಸಿನ್‌ನ ಒಂದು ಸಣ್ಣ ಊರಲ್ಲಿ, ಸುತ್ತ ಡೈರಿ ಫಾರಂಗಳು. ಪಕ್ಕದ ಫಾರಂನ ಯಜಮಾನರಿಗೆ ಎಪ್ಪತ್ತು ದಾಟಿದೆ. ಅವರನ್ನ ಎಲ್ಲರ ಹಾಗೆ ಹೆಸರು ಹಿಡಿದು ಕರೆಯೋಕೆ ಇವತ್ತಿಗೂ ನನಗೆ ನಾಲಿಗೆ ಏಳಲ್ಲ, ಹಾಗಾಗಿ ಇಲ್ಲೂ ಯಜಮಾನರು ಅಂತಲೇ ಬರೀತೀನಿ. ನಮ್ಮಜ್ಜನ ಕೋವಿ ಕಥೆ ಹೇಳಿದ ದಿನದಿಂದ ನನ್ನನ್ನ ಬಿಡಲಿಲ್ಲ. ವೀಸಾ ಮೇಲೆ ಬಂದವರು ಇಲ್ಲಿ ಬಂದೂಕು ಇಟ್ಕೊಳ್ಳೋ ಹಾಗಿಲ್ಲ. ಆದರೆ ರಾಜ್ಯ ಕೊಟ್ಟ ಶಿಕಾರಿ ಲೈಸೆನ್ಸ್ ಇದ್ರೆ ವಿನಾಯಿತಿ ಇದೆ. ಎಚ್-1ಬಿ ಹುಡುಗ ಕೋವಿ ಹಿಡೀಬೇಕಾದ್ರೆ ಮೊದಲು ಶಿಕಾರಿಯವನಾಗಬೇಕು! ನಮ್ಮ ಆಫೀಸಿನ ತೆಲುಗು ಹುಡುಗರಿಗೆ ಇದನ್ನ ಹೇಳಿದಾಗ ಒಬ್ಬರೂ ನಂಬಲಿಲ್ಲ.

1973ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಲೈಸೆನ್ಸಿಗೆ ಮೊದಲು ತರಗತಿ ಮುಗಿಸಬೇಕು. ಹನ್ನೆರಡು ವರ್ಷದ ಹುಡುಗ ಹುಡುಗಿಯರ ಮಧ್ಯೆ ಸಣ್ಣ ಕುರ್ಚಿಯಲ್ಲಿ ಕೂತು ನಾನೂ ಪರೀಕ್ಷೆ ಬರೆದೆ. ಪಕ್ಕದ ಹುಡುಗಿಗೆ ನನಗಿಂತ ಜಾಸ್ತಿ ಮಾರ್ಕ್ಸು.

ನವೆಂಬರಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಶುರುವಾದ್ರೆ ಒಂಬತ್ತು ದಿನ, ಬಂದೂಕಿನ ಜಿಂಕೆ ಸೀಸನ್ನು. ನಮ್ಮೂರ ಕಡೆ ಸುಗ್ಗಿ ಇದ್ದ ಹಾಗೆ. 5 ಲಕ್ಷಕ್ಕೂ ಹೆಚ್ಚು ಜನ ಕಾಡಿಗೆ ಇಳೀತಾರೆ. ಸೊಂಟದ ಮೇಲಿನ ಬಟ್ಟೆಯಲ್ಲಿ ಅರ್ಧಕ್ಕೆ ಕಮ್ಮಿ ಇಲ್ಲದಷ್ಟು ಹೊಳೆಯೋ ಕಿತ್ತಳೆ ಬಣ್ಣ ಇರಲೇಬೇಕು. 2016ರಿಂದ ಗುಲಾಬಿಯೂ ನಡೆಯುತ್ತೆ. ಜಿಂಕೆಗೆ ಆ ಕಿತ್ತಳೆ ನಮಗೆ ಕಂಡ ಹಾಗೆ ಕಾಣಲ್ಲ, ಇನ್ನೊಬ್ಬ ಶಿಕಾರಿಯವನಿಗೆ ಮಾತ್ರ ಎದ್ದು ಕಾಣುತ್ತೆ. ಕತ್ತಲಲ್ಲಿ ಕಂಬಳಿ ಹೊದ್ದು, ಪ್ರಾಣಿಗೆ ಕಾಣದ ಹಾಗೆ ಮರಸು ಕೂತವರ ಮೊಮ್ಮಗ, ಟ್ರಾಫಿಕ್ ಪೊಲೀಸಿನ ಹಾಗೆ ಮರದ ಮೇಲೆ ಕೂತಿದ್ದೆ.

ಮೊದಲ ವರ್ಷದ ಕಥೆ ನಾನು ಯಾರಿಗೂ ಪೂರ್ತಿ ಹೇಳಿಲ್ಲ. ಮಧ್ಯಾಹ್ನ ಮೂರೂವರೆ. ಮೆಕ್ಕೆಜೋಳದ ಗದ್ದೆಯ ಅಂಚಲ್ಲಿ ಒಂದು ಹೆಣ್ಣು ಜಿಂಕೆ ಬಂತು. ಇಲ್ಲಿನ ಬಿಳಿಬಾಲದ ಜಿಂಕೆಗೆ ನಮ್ಮ ಜಿಂಕೆಯ ಚುಕ್ಕಿ ಇಲ್ಲ, ಮರಿಯಲ್ಲಿ ಇರುತ್ತೆ, ಆಮೇಲೆ ಮಾಯ. ಕೈ ನಡುಗ್ತಿತ್ತು, ಚಳಿಗೆ ಅಂತ ನನಗೆ ನಾನೇ ಹೇಳಿಕೊಂಡೆ. ಹೊಡೆದೆ. ಬೆನ್ನು ಬಿಲ್ಲಿನ ಹಾಗೆ ಬಾಗಿಸಿ, ಓಡದೆ, ನಡೆದು ಹೋಯ್ತು. ಇಳಿದು ಹೋಗಿ ನೋಡಿದ್ರೆ ಹಿಮದ ಮೇಲೆ ರಕ್ತ ಸ್ವಲ್ಪ, ಜೊತೆಗೆ ಹಸಿರು ಗಲೀಜು. ಯಜಮಾನರು ಬಗ್ಗಿ ಬೆರಳಲ್ಲಿ ಮುಟ್ಟಿ ಮೂಸಿ, 'ಹೊಟ್ಟೆಗೆ' ಅಂದ್ರು. ಇನ್ನೇನೂ ಹೇಳಲಿಲ್ಲ. ಮನೆಗೆ ಕರ್ಕೊಂಡು ಹೋಗಿ ಸೂಪು ಕೊಟ್ರು.

ನನಗೆ ಕೂರೋಕಾಗಲಿಲ್ಲ, ಈಗಲೇ ಹೋಗೋಣ ಅಂದೆ. 'ಈಗ ಹೋದ್ರೆ ಎದ್ದು ಮೈಲಿಗಟ್ಟಲೆ ಹೋಗುತ್ತೆ. ಬಿಟ್ರೆ ಹತ್ತಿರದಲ್ಲೇ ಮಲಗುತ್ತೆ.' ಆರು ಗಂಟೆ ಕಾದ್ವಿ. ರಾತ್ರಿ ಒಂಬತ್ತೂವರೆಗೆ, ಸೊನ್ನೆಗಿಂತ ಒಂಬತ್ತು ಡಿಗ್ರಿ ಕೆಳಗೆ, ಟಾರ್ಚ್ ಹಿಡ್ಕೊಂಡು ಹೊರಟ್ವಿ. ರಕ್ತದ ಹನಿ ಕಂಡಲ್ಲೆಲ್ಲ ಕೊಂಬೆಗೆ ಟಾಯ್ಲೆಟ್ ಪೇಪರಿನ ಚೂರು ಸಿಕ್ಕಿಸ್ತಾ ಬರೋದು, ದಾರಿ ತಪ್ಪಿದ್ರೆ ಹಿಂದಿನ ಚೂರಿಗೆ ವಾಪಸ್ಸು ಹೋಗೋದು. ಮಂಡಿ ಊರಿ ಹುಡುಕೋ ಕೆಲಸ. ನಡುವೆ ಒಂದು ಕಡೆ ಇಪ್ಪತ್ತು ನಿಮಿಷ ಏನೂ ಸಿಗಲಿಲ್ಲ. ಆಗ ಆ ಮುದುಕ ಹೇಳಿದ್ದು: 'ಸಿಗದೇ ಇದ್ರೂ ಇದು ನಿನ್ನ ಜಿಂಕೆ. ಈ ವರ್ಷದ ನಿನ್ನ ಲೆಕ್ಕ ಮುಗೀತು.'

ಕಾನೂನು ಹಾಗೆ ಹೇಳಲ್ಲ. ಸಿಗದ ಜಿಂಕೆಗೆ ಟ್ಯಾಗ್, ಅಂದ್ರೆ ಒಂದು ಜಿಂಕೆ ಹೊಡೆಯೋ ಪರವಾನಗಿ, ಖರ್ಚಾಗಲ್ಲ, ಮಾರನೇ ದಿನ ಇನ್ನೊಂದಕ್ಕೆ ಕೂರಬಹುದಿತ್ತು. ಅದು ಅವರ ಮನೆ ಕಾನೂನು. ಹಳ್ಳ ದಾಟಿ ಹೋದ ಕಡವೆ ಮೂವತ್ತು ವರ್ಷದ ಮೇಲೆ ನನ್ನ ಮುಂದೆ ಬಂದು ನಿಂತಿದ್ದು ಆವಾಗ.

ಹನ್ನೊಂದೂವರೆಗೆ ಸಿಕ್ತು, ಜೌಗಿನ ಅಂಚಲ್ಲಿ, ಒಂದು ಬಿದ್ದ ಮರದ ಪಕ್ಕ. ಸತ್ತು ಬಹಳ ಹೊತ್ತಾಗಿರಲಿಲ್ಲ. ಹೊಟ್ಟೆ ಬಗೆದು ಕರುಳು ತೆಗೆದಿದ್ದು ನಾನೇ, ಅವರು ಟಾರ್ಚ್ ಹಿಡಿದಿದ್ರು ಅಷ್ಟೇ. ಮಾಂಸ ಸ್ವಲ್ಪ ಕೆಟ್ಟಿತ್ತು. ಮಾರನೇ ದಿನ ಸಂಜೆ ಐದರೊಳಗೆ ನೋಂದಾಯಿಸಬೇಕು, ಗಂಡೋ ಹೆಣ್ಣೋ, ಮರಿಯೋ ದೊಡ್ಡದೋ, ಯಾವ ಕೌಂಟಿ (ನಮ್ಮ ಜಿಲ್ಲೆ ಇದ್ದ ಹಾಗೆ), ಎಲ್ಲ. ಫೋನಲ್ಲೇ ಮಾಡಿದೆ, ಎರಡು ನಿಮಿಷದ ಕೆಲಸ. ಒಂಬತ್ತು ದಿನದಲ್ಲಿ ಈ ರಾಜ್ಯದಲ್ಲಿ ಬೀಳೋ ಒಂದೂವರೆ ಲಕ್ಷಕ್ಕೂ ಹೆಚ್ಚು ಜಿಂಕೆ ಹೀಗೆ ಒಂದೊಂದಾಗಿ ಲೆಕ್ಕಕ್ಕೆ ಬರುತ್ತೆ. ಮುಂದಿನ ವರ್ಷ ಯಾವ ಕೌಂಟಿಯಲ್ಲಿ ಎಷ್ಟು ಹೆಣ್ಣು ಹೊಡೆಯಬಹುದು ಅಂತ ನಿರ್ಧಾರ ಮಾಡುವಾಗ ಅದನ್ನೇ ಇಟ್ಕೊಂಡು ಕೂರ್ತಾರೆ.

ಬಾತಿನ ಕಥೆ ಬೇರೆ. ಅದು ಅಕ್ಟೋಬರಿನ ಮಜಾ. ಹೊರಿಕಾನ್ ಜೌಗು ಅಂತ 33 ಸಾವಿರ ಎಕರೆಯ ನೀರು ಮತ್ತು ಹುಲ್ಲು. ಅದರ ಉತ್ತರದ ಬಹುಭಾಗ ಕೇಂದ್ರದ ರಕ್ಷಿತ ಪ್ರದೇಶ, ದಕ್ಷಿಣದ್ದು ರಾಜ್ಯದ್ದು. ಕೆನಡಾ ಹೆಬ್ಬಾತುಗಳು ಇಳಿಯುವ ಹೊತ್ತಿನ ಸದ್ದು ನಮ್ಮೂರ ಜಾತ್ರೆಯಲ್ಲೂ ಕೇಳಿಲ್ಲ. ಬೆಳಗಿನ ನಾಲ್ಕಕ್ಕೆ ದೋಣಿ, ಪ್ಲಾಸ್ಟಿಕ್ ಬಾತುಗಳನ್ನ ನೀರಿಗೆ ಬಿಟ್ಟು, ಯಜಮಾನರ ಲ್ಯಾಬ್ರಡಾರ್ ನಾಯಿ ಜೊತೆ ಜೊಂಡಿನಲ್ಲಿ ಕೂರೋದು. ನಾಯಿ ನನಗಿಂತ ತಾಳ್ಮೆಯದ್ದು. ನಾನು ಗುರಿ ತಪ್ಪಿದಾಗಲೆಲ್ಲ ತಿರುಗಿ ನನ್ನ ಮುಖ ನೋಡುತ್ತೆ.

ಇಲ್ಲಿ ಲೆಕ್ಕ ಇನ್ನೂ ಬಿಗಿ. ದಿನಕ್ಕೆ ಆರು ಬಾತು. ಅದರಲ್ಲಿ ಹಸಿರುತಲೆಯ ಮಲ್ಲಾರ್ಡ್ ನಾಲ್ಕಕ್ಕಿಂತ ಹೆಚ್ಚಿಲ್ಲ, ಹೆಣ್ಣು ಅದಕ್ಕಿಂತಲೂ ಕಮ್ಮಿ. ಅರೆಬೆಳಕಲ್ಲಿ ಹಾರೋ ಹಕ್ಕಿ ಯಾವುದು, ಗಂಡೋ ಹೆಣ್ಣೋ ಅಂತ ಗೊತ್ತಾಗದೆ ಕೋವಿಯ ಕುದುರೆ ಎಳೆಯೋ ಹಾಗಿಲ್ಲ. ಕೋವಿಯಲ್ಲಿ ಮೂರಕ್ಕಿಂತ ಹೆಚ್ಚು ತೋಟೆ ಹಿಡಿಯಬಾರದು. ಸೀಸದ ಚರೆ 1991ರಿಂದ ಇಡೀ ದೇಶದಲ್ಲಿ ಬಂದ್, ನೀರ ತಳದಲ್ಲಿ ಬಿದ್ದ ಸೀಸವನ್ನ ಕಾಳು ಅಂತ ನುಂಗಿ ಬಾತುಗಳು ವಿಷವೇರಿ ಸಾಯ್ತಿದ್ವು. ಈಗ ಉಕ್ಕಿನ ಚರೆ. ಬಿದ್ದ ಹಕ್ಕಿಯನ್ನ ಹುಡುಕೋ ಪ್ರಯತ್ನ ಮಾಡಲೇಬೇಕು, ಇದು ಇಲ್ಲಿ ಮನೆ ಕಾನೂನಲ್ಲ, ದೇಶದ ಕಾನೂನು. ಮನೆಗೆ ಒಯ್ಯುವಾಗ ತಲೆಯನ್ನೋ ಒಂದು ರೆಕ್ಕೆಯನ್ನೋ ಪುಕ್ಕದ ಸಮೇತ ಉಳಿಸಬೇಕು, ದಾರಿಯಲ್ಲಿ ವನ್ಯಜೀವಿ ವಾರ್ಡನ್ ನಿಲ್ಲಿಸಿದ್ರೆ ಜಾತಿ ಗುರುತಿಸೋಕೆ.

ಎರಡನೇ ವರ್ಷ ನಾನು ಹೊಡೆದ ಒಂದು ಗಂಡು ಮಲ್ಲಾರ್ಡ್ ಕಾಲಲ್ಲಿ ಅಲ್ಯೂಮಿನಿಯಂ ಉಂಗುರ ಇತ್ತು. ಮೇಲೆ ಸಂಖ್ಯೆ. ವೆಬ್‌ಸೈಟಿನಲ್ಲಿ ತುಂಬಿದ್ರೆ ಉತ್ತರ ಬಂತು: ಕೆನಡಾದ ಮ್ಯಾನಿಟೋಬಾದಲ್ಲಿ ಎರಡು ವರ್ಷದ ಹಿಂದೆ ತೊಡಿಸಿದ್ದು. ಅದನ್ನ ಹಿಡಿದು, ಅಳೆದು, ಬರೆದುಕೊಂಡು ಹಾರಿಬಿಟ್ಟವರು ಯಾರೋ. ಅದರ ಪುಟದ ಕೊನೇ ಸಾಲು ಬರೆದವನು ನಾನು. ಇಲ್ಲಿನ ಬೇಟೆಗಾರರು ಇಂಥ ಉಂಗುರಗಳನ್ನ ಪದಕದ ಹಾಗೆ ಕೊರಳಿಗೆ ಹಾಕ್ಕೊಳ್ತಾರೆ. ನನ್ನದು ಮೇಜಿನ ಡ್ರಾಯರಲ್ಲಿದೆ.

ನನ್ನ ಹೆಂಡತಿ ಗದಗದವಳು. ಮಾಗಡಿ ಕೆರೆ ಅವಳ ಸೋದರಮಾವನ ಊರ ಪಕ್ಕ. ಚಳಿಗಾಲಕ್ಕೆ ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಸಾವಿರಗಟ್ಟಲೆ ಬಂದಿಳಿಯೋ ಕೆರೆ, 2024ರಲ್ಲಿ ಜಗತ್ತಿನ ಮುಖ್ಯ ಜೌಗು ನೆಲಗಳ ರಾಮ್ಸರ್ ಪಟ್ಟಿಗೂ ಸೇರಿತು. ಸುತ್ತಲಿನ ಹೊಲದ ಕಡಲೆ, ಶೇಂಗಾಕ್ಕೆ ಬಾಯಿ ಹಾಕಿದ್ರೂ ರೈತರು ಬೈದುಕೊಂಡು ಸುಮ್ಮನಾಗ್ತಾರೆ. ನಾನು ಮೊದಲ ಸಲ ದೋಣಿಗೆ ಹೊರಟ ಬೆಳಿಗ್ಗೆ ಅವಳು ಬಾಗಿಲಲ್ಲಿ ನಿಂತು ಅಂದಳು, 'ನಮ್ಮೂರಾಗ ಆ ಹಕ್ಕಿ ಬಂದ್ರ ಮಂದಿ ಬುತ್ತಿ ಕಟ್ಕೊಂಡು ನೋಡಾಕ ಹೊಕ್ಕಾರ. ನೀವು ಕೋವಿ ತಗೊಂಡು ಹೊಂಟೀರಿ. ಭೇಷ್ ಐತಿ.' ಇದಕ್ಕೆ ನನ್ನ ಹತ್ರ ಇವತ್ತಿಗೂ ಉತ್ತರ ಇಲ್ಲ. ಬಾತನ್ನ ಅವಳು ಮುಟ್ಟಲ್ಲ, ಜಿಂಕೆ ಮಾಂಸ ತಿಂತಾಳೆ. ಯಾಕೆ ಹಾಗೆ ಅಂತ ನಾನು ಕೇಳೋಕೆ ಹೋಗಿಲ್ಲ.

ಅಮೆರಿಕದವರು ಹುಟ್ಟಾ ಒಳ್ಳೆಯವರು ಅಂತ ನಾನು ಹೇಳ್ತಿಲ್ಲ. 1871ರಲ್ಲಿ ಇದೇ ವಿಸ್ಕಾನ್ಸಿನ್‌ನಲ್ಲಿ ಪ್ಯಾಸೆಂಜರ್ ಪಾರಿವಾಳಗಳು ಕೋಟಿಗಟ್ಟಲೆ ಗೂಡು ಕಟ್ಟಿದ್ವು. ಹೊಡೆದು, ಪೀಪಾಯಿಗೆ ತುಂಬಿ, ರೈಲಿಗೆ ಹಾಕಿ ಪಟ್ಟಣಕ್ಕೆ ಮಾರಿದ್ರು. 1914ರ ಸೆಪ್ಟೆಂಬರ್ 1ರಂದು ಸಿನ್ಸಿನಾಟಿ ಮೃಗಾಲಯದಲ್ಲಿ ಆ ಜಾತಿಯ ಕೊನೇ ಹಕ್ಕಿ ಸತ್ತಿತು. ಇವರ ಲೆಕ್ಕದ ಪುಸ್ತಕ ದಪ್ಪ ಆಗಿದ್ದು ಆಮೇಲೆ. 1918ರಲ್ಲಿ ವಲಸೆ ಹಕ್ಕಿಗಳ ಕಾಯ್ದೆ, 1934ರಲ್ಲಿ ಬಾತು ಬೇಟೆಗೆ ಕಡ್ಡಾಯ ಸ್ಟಾಂಪು, 1937ರಲ್ಲಿ ಬಂದೂಕು ಮದ್ದುಗುಂಡಿನ ಮೇಲಿನ ತೆರಿಗೆ ವನ್ಯಜೀವಿ ಕೆಲಸಕ್ಕೆ. ಆ ಸ್ಟಾಂಪಿಗೆ ನಾನು ಕೊಡೋ 25 ಡಾಲರ್ ಬಹುತೇಕ ಪೂರ್ತಿ ಜೌಗು ನೆಲ ಕೊಳ್ಳೋಕೆ, ಉಳಿಸೋಕೆ ಹೋಗುತ್ತೆ. ಎಲ್ಲಕ್ಕಿಂತ ದೊಡ್ಡದು, ಹೊಡೆದ ಜಿಂಕೆಯ ಮಾಂಸ ಮಾರೋ ಹಾಗಿಲ್ಲ. ತಿನ್ನಬಹುದು, ಹಂಚಬಹುದು, ದಾನ ಕೊಡಬಹುದು. ಮಾರಿದ್ರೆ ಜೈಲು ಕಾಣಬಹುದು.

ಈಗ ಮೂಡಿಗೆರೆಯವರಿಗೆ. ಬೇಡ ಕಣ್ರೋ. ನಮ್ಮಲ್ಲಿ ಲೈಸೆನ್ಸು ಬೇಡ. ಇಲ್ಲಿ ಜಿಂಕೆ ತಿನ್ನೋಕೆ ತೋಳಗಳು ಇಡೀ ರಾಜ್ಯಕ್ಕೆ ಒಂದು ಸಾವಿರದಷ್ಟು, ಅದೂ ಹೆಚ್ಚಿನವು ಉತ್ತರದಲ್ಲಿ. ಮಿಕ್ಕ ಜಿಂಕೆ ಮೆಕ್ಕೆಜೋಳದ ಗದ್ದೆಯಲ್ಲಿ ಮೇಯ್ದು, ಹೆದ್ದಾರಿಯಲ್ಲಿ ಕಾರಿಗೆ ಸಿಕ್ಕಿ ಸಾಯುತ್ತೆ, ವರ್ಷಕ್ಕೆ 15 ಸಾವಿರಕ್ಕೂ ಮೇಲೆ ಅಪಘಾತ. ನಮ್ಮ ಕಾಡಲ್ಲಿ ಹಾಗಲ್ಲ. 2022ರ ಗಣತಿ ಪ್ರಕಾರ ಕರ್ನಾಟಕದಲ್ಲಿ 563 ಹುಲಿ. ಚಿರತೆ ಇದೆ, ಸೀಳುನಾಯಿ ಇದೆ. ಕಡವೆ, ಜಿಂಕೆ ಎಲ್ಲ ಅವುಗಳ ಪಾಲು. ಅದರಲ್ಲಿ ನಾವು ಕೈ ಹಾಕೋಕೆ ಮಿಗತೆ ಎಲ್ಲಿದೆ? ಮಿಗತೆ ಇದೆ ಅಂತ ಒಪ್ಪಿದರೂ, ಸಂಜೆ ಐದರೊಳಗೆ ಫೋನ್ ತೆಗೆದು 'ಒಂದು ಹೆಣ್ಣು ಕಡವೆ, ಹೊಟ್ಟೆಗೆ ತಾಗಿದೆ, ಸಿಕ್ಕಿಲ್ಲ' ಅಂತ ಬರೆಯೋರು ನಮ್ಮಲ್ಲಿ ಎಷ್ಟು ಜನ? ನಮ್ಮ ಮನೆಯವರನ್ನೇ ಮೊದಲು ಹಿಡಿದು ಕೇಳ್ತಿದೀನಿ. ಹಂದಿ ಕಾಟದ ಮಾತು ಬೇರೆ, ಅದನ್ನ ಇಲ್ಲಿ ಎಳೀಬೇಡಿ, ಅದಕ್ಕೆ ಇನ್ನೊಂದು ದಿನ ಬೇಕು.

ಮೊದಲ ಗುಂಪಿನವರಿಗೆ ಹೇಳೋಕೆ ಹೆಚ್ಚೇನಿಲ್ಲ. ನಾನು ವರ್ಷಕ್ಕೆ ಒಂದು ಜಿಂಕೆ ಕೊಲ್ತೀನಿ, ಅದು ಎಲ್ಲಿ ಬಿತ್ತು, ಎಷ್ಟು ಹೊತ್ತು ನರಳಿತು ಅಂತ ನನಗೆ ಗೊತ್ತು. ಅದು ಸಮರ್ಥನೆ ಅಲ್ಲ.

ಫೋಟೋದಲ್ಲಿದ್ದ ಜಿಂಕೆ ಈಗ ಫ್ರೀಜರಲ್ಲಿದೆ. ಪ್ರತಿ ಪೊಟ್ಟಣದ ಮೇಲೂ ಸಂಖ್ಯೆ ಬರೆದಿದೀನಿ. ಅಪ್ಪನಿಗೆ ಫೋನ್ ಮಾಡಿದ್ರೆ ಮೊದಲ ಪ್ರಶ್ನೆ, 'ಪಾಲು ಯಾರ‍್ಯಾರಿಗೆ ಹೋಯ್ತು?' ಯಜಮಾನರಿಗೆ ಒಂದು ತೊಡೆ ಎತ್ತಿಟ್ಟಿದೀನಿ, ನಾಯಿಗೆ ಮೂಳೆ ಇದೆ, ಆದರೆ ಇನ್ನೂ ಯಾರಿಗೂ ಕೊಟ್ಟಿಲ್ಲ ಅಂದೆ. ಇಲ್ಲಿನ ಜಿಂಕೆಗಳಲ್ಲಿ ಮಿದುಳು ಕೊರೆಯೋ ಒಂದು ರೋಗ 2002ರಲ್ಲಿ ಪತ್ತೆಯಾಯ್ತು. ಮನುಷ್ಯರಿಗೆ ಬಂದ ಉದಾಹರಣೆ ಇಲ್ಲ, ಆದರೆ ರೋಗ ಇದ್ದ ಮಾಂಸ ತಿನ್ನಬೇಡಿ ಅಂತಾರೆ, ಬೇಯಿಸಿದ್ರೂ ಹೋಗದ ರೋಗ. ತಲೆಯನ್ನ ಪರೀಕ್ಷೆಗೆ ಇಟ್ಟು ಬಂದಿದೀನಿ. ಇವತ್ತಿಗೆ ಎಂಟು ದಿನ. ಮಡಿಕೇರಿಯ ಗೆಳೆಯ ಕೊಟ್ಟ ಕಾಚಂಪುಳಿ (ಮಾಂಸಕ್ಕೆ ಹಾಕೋ ಕಪ್ಪು ಹುಳಿ) ಬಾಟಲಿ ಕಟ್ಟೆ ಮೇಲಿದೆ, ಕಡುಬಿಗೆ ಅಕ್ಕಿತರಿ ತಂದಾಗಿದೆ. 'ರಿಸಲ್ಟ್ ಬಂತೇನ್ರಿ?' ಅಂತ ಹೆಂಡತಿ ಒಳಗಿಂದ ಈಗ ತಾನೇ ಕೇಳಿದಳು. ಇನ್ನೂ ಇಲ್ಲ.