1870ರ ಯುದ್ಧದಲ್ಲಿ ಜರ್ಮನ್ ರಾಜ್ಯ ಪ್ರಷ್ಯಾದ ಎದುರು ಫ್ರಾನ್ಸ್ ಸೋತಿದ್ದಕ್ಕೆ ಸಾಮ್ರಾಜ್ಞಿ ಯುಜೀನಿ ಹೊಣೆಯೇ?

ಪರ: ಹೌದು, ಪಾಲು ಆಕೆಯದ್ದೂ ಇದೆ

ನನ್ನ ಪಾಲಿಗೆ ಬಂದದ್ದು ಈ ಪಕ್ಷ. ಎಲ್ಲ ತಪ್ಪೂ ಆಕೆಯದ್ದೇ ಅಂತ ನಾನು ಹೇಳಲಾರೆ, ಆದರೂ ವಾದಕ್ಕೆ ಸಾಕಷ್ಟು ಸರಕಿದೆ. ಸ್ಪೇನಿನಲ್ಲಿ ಹುಟ್ಟಿ 1853ರಲ್ಲಿ ಫ್ರಾನ್ಸಿನ ಚಕ್ರವರ್ತಿ ಮೂರನೇ ನೆಪೋಲಿಯನ್‌ನ ಕೈಹಿಡಿದ ಯುಜೀನಿ ಸುಮ್ನೆ ಅರಮನೆಯಲ್ಲಿ ಕೂತವಳಲ್ಲ. 1859, 1865, 1870ರಲ್ಲಿ ಗಂಡ ರಾಜಧಾನಿಯಲ್ಲಿ ಇಲ್ಲದಾಗ ಆಡಳಿತ ಆಕೆಯ ಕೈಯಲ್ಲಿತ್ತು. ಮೆಕ್ಸಿಕೋಗೆ ಫ್ರೆಂಚ್ ಸೈನ್ಯ ಕಳಿಸಿ ಅಲ್ಲಿ ಆಸ್ಟ್ರಿಯಾದ ರಾಜಕುಮಾರ ಮ್ಯಾಕ್ಸಿಮಿಲಿಯನ್‌ಗೆ ಪಟ್ಟ ಕಟ್ಟುವ ಸಾಹಸಕ್ಕೆ ಒತ್ತಾಸೆಯಾಗಿ ನಿಂತಳು. 1867ರಲ್ಲಿ ಅಲ್ಲಿನವರು ಆತನನ್ನು ಗುಂಡಿಟ್ಟು ಕೊಂದರು. 1870ರ ಆಗಸ್ಟಿನಲ್ಲಿ ಸೋತು ಸುಣ್ಣವಾದ ಚಕ್ರವರ್ತಿ ಪ್ಯಾರಿಸ್‌ಗೆ ವಾಪಸ್ ಬರಲು ಹೊರಟಾಗ, ಬಂದರೆ ದಂಗೆಯಾಗುತ್ತೆ ಅಂತ ತಡೆದವಳೂ ಆಕೆಯೇ. ಆತ ಸೈನ್ಯದ ಜೊತೆಗೇ ಉಳಿದು ಸೆಡಾನ್‌ನಲ್ಲಿ ಸೆರೆ ಸಿಕ್ಕ. ಹುಡುಗಿಯರಿಗೆ ಶಾಲೆ ಕಟ್ಟಿಸಿದ್ದಳಲ್ಲ ಅಂತ ಎದುರು ಪಕ್ಷ ಹೇಳಬಹುದು. ಶಾಲೆ ಕಟ್ಟಿಸಿದವರಿಗೆಲ್ಲ ದೇಶವನ್ನೇ ಒಪ್ಪಿಸೋಕಾಗುತ್ತಾ?

ವಿರೋಧ: ಗಂಡಸರ ಸೋಲನ್ನು ಆಕೆಯ ತಲೆಗೆ ಕಟ್ಟಬೇಡಿ

ನಮ್ಮ ದೊಡ್ಡಪ್ಪ ಸಾಲ ಮಾಡಿ ಅಂಗಡಿ ಮುಳುಗಿಸಿದರು. ಲೆಕ್ಕದ ಪುಸ್ತಕ ದೊಡ್ಡಮ್ಮನ ಕೈಗೆ ಬಂದದ್ದು ಸಾಲಗಾರರು ಬಾಗಿಲಿಗೆ ಬಂದ ಮೇಲೆ. ಆಕೆ ಬಳೆ ಮಾರಿ ಬಡ್ಡಿ ಕಟ್ಟಿದರು. ಆದರೂ ನೆಂಟರ ಮನೆಯ ಮದುವೆಗಳಲ್ಲಿ, ಊಟದ ಪಂಕ್ತಿಯಲ್ಲೇ, "ಅವಳು ಕೈ ಹಾಕಿದ್ದಕ್ಕೇ ಹೀಗಾಯ್ತು" ಅನ್ನೋ ಮಾತು ನಾನೇ ಕೇಳಿದ್ದೀನಿ. ಆಗಿನ ಸಿಟ್ಟು ಇನ್ನೂ ಇಳಿದಿಲ್ಲ. ಯುಜೀನಿಗೆ ಆದದ್ದೂ ಇದೇ ಅನ್ಯಾಯ.

1870ರ ಯುದ್ಧಕ್ಕೆ ಸಚಿವರು ಕುಣಿದರು, ಸಂಸತ್ತು ಹಣ ಮಂಜೂರು ಮಾಡಿತು, ಬೀದಿಯಲ್ಲಿ ಜನ ಜೈಕಾರ ಹಾಕಿದರು. ಮೂತ್ರಕೋಶದ ಕಲ್ಲಿನ ನೋವಿಗೆ ಕುದುರೆ ಮೇಲೆ ಕೂರೋದೇ ಕಷ್ಟವಾಗಿದ್ದ ಚಕ್ರವರ್ತಿ ತಾನೇ ಸೇನಾಪತಿಯಾಗಿ ಹೊರಟ. ಸೋತ ಮೇಲೆ ಮಾತ್ರ ಎಲ್ಲರ ಬೆರಳೂ "ಆ ಸ್ಪೇನಿನವಳ" ಕಡೆಗೇ! ಮೆಕ್ಸಿಕೋ, ಮೆಕ್ಸಿಕೋ ಅಂತೀರಿ. ಹಡಗು ಹತ್ತಿಸಿ ಸೈನ್ಯ ಕಳಿಸಿದವರು ಯಾರು?

ಅಧಿಕಾರ ಕೈಗೆ ಬಂದಾಗ ಆಕೆ ಏನು ಮಾಡಿದಳು ನೋಡಿ. 1865ರಲ್ಲಿ ಚಿತ್ರಕಲಾವಿದೆ ರೋಸಾ ಬೋನರ್ ಅವರ ಮನೆಗೆ ತಾನೇ ಹೋಗಿ ಫ್ರಾನ್ಸಿನ ಅತ್ಯುನ್ನತ ಗೌರವವಾದ ಲೀಜನ್ ಆಫ್ ಆನರ್ ಪದಕ ತೊಡಿಸಿದಳು. ಹೆಣ್ಣು ಕಲಾವಿದೆಗೆ ಆ ಗೌರವ ಸಿಕ್ಕಿದ್ದು ಅದೇ ಮೊದಲು. ಮರುವರ್ಷ ಅಮಿಯಾ ನಗರದಲ್ಲಿ ಕಾಲರಾ ಹಬ್ಬಿದಾಗ ಆಸ್ಪತ್ರೆಗೆ ಹೋಗಿ ರೋಗಿಗಳ ಹಾಸಿಗೆ ಪಕ್ಕದಲ್ಲೇ ನಿಂತಳು.

ಸಿಂಹಾಸನ ಹೋಗಿ ಇಂಗ್ಲೆಂಡ್ ಸೇರಿದ ಮೇಲೂ, ಫ್ರಾನ್ಸ್‌ನ ನೆಲ ಕಿತ್ತುಕೊಳ್ಳಬೇಡಿ ಅಂತ ಪ್ರಷ್ಯಾದ ದೊರೆ ವಿಲ್ಹೆಲ್ಮ್‌ಗೆ ಬರೆದಳು. ಆ ಪ್ರದೇಶ ಬೇಕಾಗಿರೋದು ಜರ್ಮನಿಯ ರಕ್ಷಣೆಗಷ್ಟೇ ಅಂತ ಆತ ಉತ್ತರ ಕೊಟ್ಟ. ಆ ಕಾಗದವನ್ನು ಜೋಪಾನವಾಗಿ ಇಟ್ಟುಕೊಂಡಿದ್ದು, 1918ರಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ, ಆಗ ಜರ್ಮನಿ ಕಿತ್ತುಕೊಂಡಿದ್ದ ಅಲ್ಸಾಸ್-ಲೊರೇನ್ ಪ್ರದೇಶ ಫ್ರಾನ್ಸ್‌ಗೇ ಸೇರಬೇಕು ಅನ್ನೋದಕ್ಕೆ ಸಾಕ್ಷಿಯಾಗಲಿ ಅಂತ ಪ್ರಧಾನಿ ಕ್ಲೆಮೆನ್ಸೋಗೆ ಕಳಿಸಿಕೊಟ್ಟಳು. ತನ್ನನ್ನು ಓಡಿಸಿದ ದೇಶಕ್ಕಾಗಿ ಇಷ್ಟು ಮಾಡಿದ ಗಂಡಸು ಆ ಅರಮನೆಯಲ್ಲಿ ಒಬ್ಬನಿದ್ದರೆ ತೋರಿಸಿ.